ಕುಕ್ಕರ್ ಕೂಗು ಕೇಳಿಸದ ಮಹಡಿ

"ಇದೇ ಊರಲ್ಲಿ ಮನೆ ಇಟ್ಟುಕೊಂಡು ಹೋಟೆಲಿಗೆ ಹೋಗಿ ಮಲಗೋದಾ? ದುಡ್ಡು ಜಾಸ್ತಿಯಾದರೆ ಹೀಗೇ." ಬೆಂಗಳೂರಿನಲ್ಲಿ ಸ್ಟೇಕೇಶನ್ ಎಂಬ ಮಾತೆತ್ತಿದ ಕೂಡಲೇ ಬರುವ ತೀರ್ಪು ಇದು. ಮದುವೆಮನೆಯ ಪಂಕ್ತಿಯಲ್ಲಿ ಕೇಳಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೇಳಿ, ಹೆಚ್ಚುಕಮ್ಮಿ ಇದೇ ಮಾತು. ಹೇಳುವವರ ಮುಖದಲ್ಲಿ ಸಾತ್ವಿಕ ಕಳೆಯೊಂದು ಬಂದು ಕೂತಿರುತ್ತದೆ. ಹಿಂದೆಯೇ ಉಪದೇಶ: ರಜೆ ಅಂದರೆ ಚಿಕ್ಕಮಗಳೂರಿನ ಕಡೆ ಹೋಗಿ, ನಾಲ್ಕು ಮರ ನೋಡಿ, ಒಳ್ಳೆ ಗಾಳಿ ಕುಡಿದು ಬನ್ನಿ. ಅದಾಗದಿದ್ದರೆ ಮನೆಯಲ್ಲೇ ಆರಾಮಾಗಿ ಕಾಲು ಚಾಚಿಕೊಂಡಿರಿ. ಗಾಜಿನ ಗೋಪುರದ ಹದಿನೈದನೇ ಮಹಡಿಯಲ್ಲಿ ಒಂದು ರಾತ್ರಿ ಕಳೆಯಲು ಹನ್ನೆರಡು ಹದಿನೈದು ಸಾವಿರ ಸುರಿಯುವುದು ಶೋಕಿ, ಅಹಂಕಾರ, ಹುಚ್ಚು.

ಈ ತೀರ್ಪು ತಪ್ಪು ಎಂಬುದು ನನ್ನ ವಾದ. ಅದು ಸರಳ ಬದುಕಿನ ವೇಷ ತೊಟ್ಟು ಬಂದಿರುವ ಸೋಮಾರಿತನ.

ಮನೆಯಲ್ಲಿ ಕಾಲು ಚಾಚುವವರು ಯಾರು? ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಜಯನಗರವೋ ರಾಜಾಜಿನಗರವೋ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ. ಎಲ್ಲರಿಗೂ ರಜೆ, ಆದ್ದರಿಂದ ಅಡುಗೆಮನೆಗೆ ಎರಡು ಪಾಳಿ. ಉಪ್ಪಿಟ್ಟಿನ ಜಾಗದಲ್ಲಿ ಪೂರಿ ಸಾಗು, ತಿಳಿಸಾರಿನ ಜಾಗದಲ್ಲಿ ಬಿಸಿಬೇಳೆ ಬಾತು, ನಾಲ್ಕು ಗಂಟೆಗೆ "ಏನಾದ್ರೂ ಕುರುಕ್ಲು ಇದ್ಯಾ" ಎಂಬ ಪ್ರಶ್ನೆ. ವಾರವಿಡೀ ಉಳಿದ ಬಟ್ಟೆ, ಇಸ್ತ್ರಿ, ಮಕ್ಕಳ ತಲೆಗೆ ಎಣ್ಣೆ, ಹೇಳದೆ ಬರುವ ನೆಂಟರು. ಮನೆಯಾಕೆಗೆ ವಾರದ ಅತಿ ಭಾರದ ದಿನ ಯಾವುದೆಂದರೆ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರ ಇರುವ ದಿನ.

ಇದು ನನ್ನ ಗೊಣಗಾಟ ಎನ್ನುವವರು ಸರ್ಕಾರದ ಲೆಕ್ಕ ನೋಡಲಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಅಂಥ ಕೆಲಸಕ್ಕೆ ಕೈ ಹಾಕುವ ಗಂಡಸರು ನೂರಕ್ಕೆ ಇಪ್ಪತ್ತಾರು ಮಂದಿ ಮಾತ್ರ, ಹೆಂಗಸರು ಎಂಬತ್ತೊಂದು. 2024ರಲ್ಲಿ ಮತ್ತೆ ಎಣಿಸಿದಾಗ ಹೆಂಗಸರ ಲೆಕ್ಕ 289ಕ್ಕೆ ಇಳಿದಿತ್ತು. ಐದು ವರ್ಷಕ್ಕೆ ಹತ್ತು ನಿಮಿಷದ ಬಿಡುವು! ಖುಷಿಪಡುವ ಮೊದಲು ಗಂಡಸರ ಸಾಲನ್ನೂ ಓದಿ: 97 ಇದ್ದದ್ದು 88 ಆಗಿದೆ. ಅವರೂ ಒಂಬತ್ತು ನಿಮಿಷ ಉಳಿಸಿಕೊಂಡಿದ್ದಾರೆ.

ಗಡಿಯಾರಕ್ಕೆ ಸಿಕ್ಕುವುದು ಕೈಕೆಲಸ ಮಾತ್ರ. ತಲೆಯೊಳಗೆ ಓಡುತ್ತಲೇ ಇರುವ ಪಟ್ಟಿ ಅದರ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಇಡ್ಲಿಗೆ ಉದ್ದು ನೆನೆಹಾಕಿತ್ತೇ, ಸಿಲಿಂಡರ್ ಬುಕ್ ಆಗಿದೆಯೇ, ಮಾವನವರ ಬಿಪಿ ಮಾತ್ರೆ ಇನ್ನೆಷ್ಟು ಉಳಿದಿದೆ, ನಾಳೆ ಕೆಲಸದವರು ಬರುತ್ತಾರೋ ಇಲ್ಲವೋ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ ಹಂತಹಂತವಾಗಿ ಪಂಪು ಮಾಡಿ ಬೆಂಗಳೂರಿಗೆ ಏರಿಸಿ ತರುವುದು ಜಲಮಂಡಳಿಯ ಕೆಲಸ. ಅಲ್ಲಿಂದ ಮುಂದೆ, ನಮ್ಮ ಸಂಪಿನಿಂದ ತಾರಸಿಯ ಟ್ಯಾಂಕಿಗೆ ಆ ನೀರು ಹತ್ತಬೇಕಾದರೆ "ಮೋಟರ್ ಹಾಕಬೇಕು" ಎಂದು ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ನೆನಪಾಗಬೇಕು. ಆರಿಸಬೇಕು ಎಂದೂ ನೆನಪಾಗಬೇಕು. ಆ ಒಬ್ಬರು ಯಾರೆಂದು ನಾನು ಹೇಳಬೇಕಾಗಿಲ್ಲ.

ಹೀಗಿರುವಾಗ ಅವಳಿಗೆ "ಮನೆಯಲ್ಲೇ ಆರಾಮಾಗಿರು" ಎನ್ನುವುದು, ಬ್ಯಾಂಕಿನ ಗುಮಾಸ್ತನಿಗೆ ರಜೆ ಮಂಜೂರು ಮಾಡಿ, ಕೌಂಟರಿನ ಹಿಂದೆಯೇ ಚಾಪೆ ಹಾಸಿಕೊಂಡು ಮಲಗಿಕೋ, ಗಿರಾಕಿಗಳು ಬಂದರೆ ಮಾತ್ರ ಸ್ವಲ್ಪ ಏಳು ಎಂದ ಹಾಗೆ. ಮನೆ ಅವಳ ಕೆಲಸದ ಜಾಗ. ಕೆಲಸದ ಜಾಗದಿಂದ ಹೊರಗೆ ಹೋಗುವುದಕ್ಕೆ ರಜೆ ಎನ್ನುತ್ತಾರೆ. ಎಷ್ಟು ದೂರ ಹೋಗಬೇಕು ಎಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಮೂರು ಕಿಲೋಮೀಟರು ಸಾಕಾದರೆ ಮೂರೇ ಸಾಕು.

ದುಬಾರಿಯ ಮಾತಿಗೆ ಬರೋಣ. ನಮ್ಮ ದೇಶದಲ್ಲಿ ಮನೆಯಾಕೆಯ ಕೆಲಸಕ್ಕೆ ಬೆಲೆ ಕಟ್ಟುವ ಜಾಗಗಳು ನನಗೆ ಕಂಡಂತೆ ಎರಡೇ. ಒಂದು, ನ್ಯಾಯಾಲಯ, ಅದೂ ಅವಳು ಸತ್ತಮೇಲೆ. ಜಮ್ಶೆಡ್‌ಪುರದಲ್ಲಿ 1989ರಲ್ಲಿ ನಡೆದ ಬೆಂಕಿ ದುರಂತಕ್ಕೆ ಸಂಬಂಧಿಸಿದ ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪು ಕೊಡುತ್ತ, 34ರಿಂದ 59 ವರ್ಷದ ಗೃಹಿಣಿಯ ಸೇವೆಯ ಬೆಲೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜು ಮಾಡಿತು. ದಿನಕ್ಕೆ ನೂರು. ಆಮೇಲೆ 2010ರಲ್ಲಿ, 2021ರಲ್ಲಿ ಅದೇ ನ್ಯಾಯಾಲಯ ಮನೆಗೆಲಸವನ್ನು ಹೀಗಳೆಯುವ ಮನೋಭಾವವನ್ನೇ ಖಂಡಿಸಿ ಬರೆದಿದೆ, ಅದು ಮೆಚ್ಚಬೇಕಾದ್ದೇ. ಆದರೆ ಆ ಮಾತು ಕೇಳಿಸಿಕೊಳ್ಳಬೇಕಾದ ಗೃಹಿಣಿ ಅಲ್ಲಿ ಫೋಟೋ ಆಗಿದ್ದಳು.

ಎರಡನೆಯ ಜಾಗ ಹೋಟೆಲಿನ ಬಿಲ್ಲು. ಹಾಸಿಗೆ ಹಾಸುವುದು, ಬಚ್ಚಲು ತೊಳೆಯುವುದು, ಟವೆಲು ಒಗೆದು ಮಡಚಿಡುವುದು, ಬೆಳಗ್ಗೆ ಐದು ಬಗೆಯ ತಿಂಡಿ, ಎಂಜಲು ತಟ್ಟೆ ಎತ್ತುವುದು, ಕಾಫಿ ಆರಿದರೆ ಇನ್ನೊಂದು ತರುವುದು. ಮನೆಯಲ್ಲಿ ಪುಕ್ಕಟೆ ಬರುವ ಇವೆಲ್ಲಕ್ಕೂ ಅಲ್ಲಿ ದರ ಇದೆ. ಕೋಣೆ ಹನ್ನೆರಡು ಸಾವಿರ ಅಂದುಕೊಳ್ಳಿ. 7,500 ದಾಟಿದ್ದರಿಂದ ಶೇ. 18ರ ಜಿಎಸ್‌ಟಿ ಸೇರಿ 14,160. ನೆಲದ ಬೆಲೆ, ಗಾಜು, ಎಸಿ, ಹೆಸರಿನ ಬೆಲೆ ಎಲ್ಲ ಅದರಲ್ಲಿ ಸೇರಿದೆ, ನಿಜ; ಪೂರ್ತಿ ಮೊತ್ತ ಚಾಕರಿಯ ಕೂಲಿಯಲ್ಲ. ಆದರೂ ಆ ಬಿಲ್ಲು ನೋಡಿ ಹೌಹಾರುವ ಗಂಡನಿಗೆ ಒಂದು ಕ್ಷಣವಾದರೂ ಹೊಳೆಯಬೇಕು, ಇಷ್ಟು ವರ್ಷ ತಾನು ಬಿಲ್ಲಿಲ್ಲದೆ ಉಳಿದುಕೊಂಡಿದ್ದ ಜಾಗ ಯಾವುದು ಎಂದು. ಹೌಹಾರುವಿಕೆಗೆ ಅರ್ಧ ಕಾರಣ ಅದೇ ಇರಬೇಕು.

ಇನ್ನು ಮಿತವ್ಯಯದ ಪಾಠ. ಹೇಳುವವರು ಯಾರೆಂದು ನೋಡಿಕೊಂಡು ಕೇಳಬೇಕು. ಮಗನ ಉಪನಯನಕ್ಕೆ ಚೌಟ್ರಿ ಹಿಡಿದು, ಪಂಕ್ತಿಯಲ್ಲಿ ಯಾರೂ ಮುಟ್ಟದ ಮೂರನೇ ಸಿಹಿಗೆ ಕೇಟರಿಂಗ್‌ನವರಿಗೆ ಲೆಕ್ಕ ಚುಕ್ತಾ ಮಾಡಿದವರು. ಇನ್ನೂ ಚೆನ್ನಾಗಿರುವ ಫೋನು ಕೊಟ್ಟು ಹೊಸದು ತಂದವರು. ಅದ್ಯಾವುದೂ ದುಂದುವೆಚ್ಚ ಅಲ್ಲ, ಏಕೆಂದರೆ ಅದನ್ನು ನಾಲ್ಕು ಜನ ನೋಡುತ್ತಾರೆ. ಒಬ್ಬಳು ಬಾಗಿಲು ಹಾಕಿಕೊಂಡು ಹತ್ತು ಗಂಟೆ ನಿದ್ದೆ ಮಾಡಿದ್ದನ್ನು ಯಾರೂ ನೋಡಲಿಲ್ಲ, ಆದ್ದರಿಂದ ಆ ಹಣ ನೀರಲ್ಲಿ ಹೋಯಿತು. ಸಾಲ ಮಾಡಿ ಹೋಗಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಇರುವ ಹಣದಲ್ಲಿ ಯಾವ ಖರ್ಚಿಗೆ ಹುಬ್ಬು ಗಂಟಾಗುತ್ತದೆ ಎಂಬುದನ್ನು ತೋರಿಸುತ್ತಿದ್ದೇನೆ, ಅಷ್ಟೆ.

ಬೆಟ್ಟಕ್ಕೆ ಹೋಗಿ ಎನ್ನುವವರು ಈಚೆಗೆ ಬೆಟ್ಟ ನೋಡಿದ್ದಾರೋ ಇಲ್ಲವೋ! ಶುಕ್ರವಾರ ಸಂಜೆ ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ತೆವಳುವ ಕಾರುಗಳ ಸಾಲಿನಲ್ಲಿ ಅವರ ಕಾರೂ ಇರುತ್ತದೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರು ಜಾತ್ರೆ ಸೇರಿದ್ದನ್ನು ಕಂಡು ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಬೇಕಾಯಿತು. ಮುಳ್ಳಯ್ಯನಗಿರಿಗೆ ದಿನಕ್ಕಿಷ್ಟೇ ವಾಹನ ಎಂದು ಜಿಲ್ಲಾಡಳಿತ ಮಿತಿ ಹಾಕಿದೆ. ನಿಸರ್ಗವನ್ನು ಪ್ರೀತಿಸುವವರು ವಾರಾಂತ್ಯದಲ್ಲಿ ಅದರ ಮೈಮೇಲೆ ಹತ್ತದಿರುವುದೂ ಒಂದು ಪ್ರೀತಿಯೇ. ಬೆಟ್ಟದಲ್ಲಿ ಶುಕ್ರವಾರಕ್ಕೆ ದರ ಏರುತ್ತದೆ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಅವು ಬದುಕುವುದು ಕಂಪನಿ ಕೆಲಸಕ್ಕೆ ಬರುವವರಿಂದ. ಸೋಮವಾರದಿಂದ ಗುರುವಾರದವರೆಗೆ ಲ್ಯಾಪ್‌ಟಾಪ್ ಚೀಲದವರು ತುಂಬಿರುತ್ತಾರೆ, ಶುಕ್ರವಾರ ಸಂಜೆ ವಿಮಾನ ಹತ್ತಿ ಹೋಗುತ್ತಾರೆ. ಕಟ್ಟಿ ನಿಂತ ಕೋಣೆ, ಹಾಸಿದ ಹಾಸಿಗೆ ಖಾಲಿ. ಅದನ್ನು ತುಂಬಿದರೆ ಯಾವ ಕಾಡೂ ಕಡಿಯಬೇಕಿಲ್ಲ. (ಈಜುಕೊಳದ ನೀರಿನ ಬಗ್ಗೆ ತಕರಾರು ತೆಗೆಯುವವರ ಜೊತೆ ನನಗೆ ಜಗಳವಿಲ್ಲ. 2024ರ ಬರದಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಎಂದದ್ದು ಸರಿಯಾಗಿಯೇ ಇತ್ತು. ನನಗೆ ಈಜು ಬರುವುದೂ ಇಲ್ಲ.)

ಅದಲ್ಲದೆ ಬೆಟ್ಟದ ಪ್ರವಾಸದಲ್ಲಿ ಯಾರಿಗೆ ರಜೆ? ಹಿಂದಿನ ರಾತ್ರಿ ಚಪಾತಿ ಲಟ್ಟಿಸಿ, ಪುಳಿಯೋಗರೆ ಗೊಜ್ಜು ಡಬ್ಬಿಗೆ ತುಂಬಿ, ಎಲ್ಲರ ಸ್ವೆಟರು ಹುಡುಕಿ, ಘಾಟಿ ತಿರುವಿನಲ್ಲಿ ಮಕ್ಕಳಿಗೆ ವಾಂತಿಯಾದರೆ ಎಂದು ಪ್ಲಾಸ್ಟಿಕ್ ಕವರು ಕೈಲಿಟ್ಟುಕೊಂಡು ಕೂತವಳು ಅದೇ ಅಡುಗೆಮನೆಯನ್ನು ಚಕ್ರದ ಮೇಲೆ ಹೊತ್ತು ಸಾಗುತ್ತಿರುತ್ತಾಳೆ.

ತವರಿಗೆ ಹೋಗಬಹುದಲ್ಲ ಎಂಬ ಮಾತೂ ಉಂಟು. ಹೌದು, ಒಂದು ಕಾಲಕ್ಕೆ ತವರೇ ನಮ್ಮ ಹೆಂಗಸರ ರಜೆಯಾಗಿತ್ತು, ಗೌರಿ ಹಬ್ಬಕ್ಕೆ ಒಂದಿಷ್ಟು ದಿನ, ಬಾಣಂತನಕ್ಕೆ ಒಂದಿಷ್ಟು ತಿಂಗಳು. ಆದರೆ ತವರು ನಡೆಯುತ್ತಿದ್ದದ್ದು ಇನ್ನೊಬ್ಬ ಹೆಂಗಸಿನ ಬೆನ್ನಿನ ಮೇಲೆ. ಅಮ್ಮನಿಗೆ ಈಗ ಮಂಡಿನೋವು, ಅತ್ತಿಗೆ ಆಫೀಸಿನಿಂದ ಬರುವುದು ಎಂಟಕ್ಕೆ. ಅಲ್ಲಿ ಹೋಗಿ "ನಾನು ವಿಶ್ರಾಂತಿಗೆ ಬಂದಿದ್ದೇನೆ" ಎಂದು ಕೂರುವಷ್ಟು ದಪ್ಪ ಚರ್ಮ ನಮ್ಮಲ್ಲಿ ಯಾರಿಗಿದೆ? ಹಳೆಯ ಕಾಲದಲ್ಲಿ ಇನ್ನೊಂದು ರಜೆಯೂ ಇತ್ತು, ಅದನ್ನು ಹೇಳಲು ಸಂಕೋಚವಾಗುತ್ತದೆ: ತಿಂಗಳಿಗೆ ಮೂರು ದಿನ ಹೊರಗೆ ಕೂರುವುದು. ಮುಟ್ಟಬೇಡ, ಒಳಗೆ ಬರಬೇಡ ಎಂಬ ಅವಮಾನವನ್ನೆಲ್ಲ ನುಂಗಿಕೊಂಡೇ, "ಆ ಮೂರು ದಿನ ಬೆನ್ನಿಗೆ ಸುಖವಾಗಿತ್ತು ಕಣೇ" ಎಂದ ಅಜ್ಜಿಯರ ಮಾತು ನಮ್ಮ ಪೈಕಿ ಬಹಳ ಜನ ಕೇಳಿದ್ದೇವೆ. ಆ ಪದ್ಧತಿ ಬಹುಮಟ್ಟಿಗೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಮನೆಯಿಂದ ಅವಳನ್ನು ದೂರವಿಡಲು ಮೈಲಿಗೆಯ ನೆಪ ಬೇಕಾಗಿದ್ದ ಸಮಾಜ, ಅವಳಾಗಿಯೇ ದೂರ ಹೋದರೆ ಶೋಕಿ ಎನ್ನುತ್ತದೆ.

ಎತ್ತರದ ಕಟ್ಟಡವೇ ಯಾಕೆ? ಬಾಗಿಲಿಗಾಗಿ. ಕೀ ಕಾರ್ಡ್ ತೋರಿಸದೆ ಲಿಫ್ಟು ಆ ಮಹಡಿಗೆ ಬರುವುದಿಲ್ಲ. ಎರಡು ಪದರದ ಗಾಜಿನೀಚೆ ಹಾರನ್ನಿಲ್ಲ, ಹಾಲಿನವನಿಲ್ಲ, ಸೊಪ್ಪಿನ ಗಾಡಿಯ ಕೂಗಿಲ್ಲ, ಪಕ್ಕದ ಮನೆಯ ಕುಕ್ಕರಿನ ಕೂಗೂ ಇಲ್ಲ. ತೊಂದರೆ ಕೊಡಬೇಡಿ ಎಂಬ ಫಲಕ ಹಿಡಿಕೆಗೆ ತಗುಲಿಸಿದರೆ ಯಾರೂ ಬಡಿಯುವುದಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸು ಸಕಾರಣವಾಗಿ ಚಿಲಕ ಹಾಕಿಕೊಳ್ಳಬಹುದಾದ ಒಂದೇ ಕೋಣೆ ಬಚ್ಚಲು, ಅಲ್ಲೂ ಹತ್ತು ನಿಮಿಷವಾದರೆ "ಅಮ್ಮಾ, ನನ್ ಬೆಲ್ಟ್ ಎಲ್ಲಿ?" ಕಬ್ಬನ್ ಪಾರ್ಕಿನ ಹಸಿರು, ಹೈಕೋರ್ಟಿನ ಕೆಂಪು ಎಲ್ಲ ಕಿಟಕಿಯಿಂದ ಚೆಂದವೇ ಕಾಣುತ್ತವೆ, ಹೋಟೆಲಿನವರು ಅದಕ್ಕೇ ಹೆಚ್ಚು ದರ ಹಾಕುತ್ತಾರೆ. ನಾನೊಮ್ಮೆ ಅಂಥ ಕಿಟಕಿಯಲ್ಲಿ ಕೂತಾಗ ಕಣ್ಣು ಹೋದದ್ದು ಅದರಾಚೆ, ತಾರಸಿ ತಾರಸಿಯ ಮೇಲೂ ಕೂತಿರುವ ಕರಿಯ ನೀರಿನ ಟ್ಯಾಂಕುಗಳ ಕಡೆಗೆ. ಅಷ್ಟೂ ಟ್ಯಾಂಕು ಯಾರದೋ ತಲೆಯಲ್ಲಿರುತ್ತವೆ ಎಂದುಕೊಂಡೆ. ಅವತ್ತು ನನ್ನ ತಲೆಯಲ್ಲಿ ಒಂದೂ ಇರಲಿಲ್ಲ. ದುಡ್ಡು ಕೊಟ್ಟದ್ದು ಅದಕ್ಕೆ.

ನನ್ನ ಪಕ್ಷದವರನ್ನೂ ಬಿಡುವಂತಿಲ್ಲ. ಸ್ಟೇಕೇಶನ್ ಮಾರುವ ಜಾಹೀರಾತುಗಳಷ್ಟು ಪೊಳ್ಳು ಸರಕು ಕಡಿಮೆ. ಹಾಸಿಗೆ ಮೇಲೆ ಗುಲಾಬಿ ಪಕಳೆ, ಟವೆಲಿನಲ್ಲಿ ಮಡಿಸಿದ ಹಂಸದ ಜೋಡಿ, ನಿಮ್ಮ ಊರನ್ನೇ ಹೊಸದಾಗಿ ಕಂಡುಕೊಳ್ಳಿ ಎಂಬ ಘೋಷಣೆ. ಎಸಿ ಕೋಣೆಯಲ್ಲಿ ಕೂತು ಯಾರೂ ಊರನ್ನು ಕಂಡುಕೊಂಡದ್ದಿಲ್ಲ. ಅದಕ್ಕೆ ಸಿಟಿ ಮಾರ್ಕೆಟ್ಟಿಗೆ ಬೆಳಗಿನ ಜಾವ ಹೋಗಬೇಕು. ಅಪ್ಪ ಅಮ್ಮ ಎರಡು ಮಕ್ಕಳ ಪ್ಯಾಕೇಜು ಇನ್ನೂ ದೊಡ್ಡ ಮೋಸ. ಬಫೆಯಲ್ಲಿ ಮಗುವಿನ ತಟ್ಟೆ ತುಂಬಿಸುವುದು, ಈಜುಕೊಳದಿಂದ ಬಂದ ಒದ್ದೆ ಚಡ್ಡಿ ಒಣಗಿಸುವುದು, ಗಂಡನ ಚಾರ್ಜರು ಹುಡುಕುವುದು ಅಲ್ಲಿಗೂ ಬೆನ್ನಟ್ಟಿ ಬರುತ್ತವೆ. ನಾನು ಸಮರ್ಥಿಸುತ್ತಿರುವುದು ಒಬ್ಬಳೇ ಅಥವಾ ಗೆಳತಿಯರೊಡನೆ ಹೋಗುವ ರಜೆಯನ್ನು. ಅದರ ಜಾಹೀರಾತು ನನ್ನ ಕಣ್ಣಿಗೆ ಬಿದ್ದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ದಾಟಿ ಹೋಗುವಂತಿಲ್ಲ. ನಿನ್ನ ಹಾಸಿಗೆ ಹಾಸುವವಳೂ ಹೆಂಗಸೇ ಅಲ್ಲವೇ? ಹೌದು. ಹೌಸ್‌ಕೀಪಿಂಗ್‌ನವರು ಒಂದು ಪಾಳಿಯಲ್ಲಿ ಹತ್ತು ಹನ್ನೆರಡಕ್ಕೂ ಹೆಚ್ಚು ಕೋಣೆ ಮುಗಿಸಬೇಕು. ಭಾರದ ಹಾಸಿಗೆಯ ಮೂಲೆ ಎತ್ತಿ ಎತ್ತಿ ಸೊಂಟ ಹೋಗುತ್ತದೆ. ಅವರಲ್ಲಿ ಈಶಾನ್ಯ ರಾಜ್ಯಗಳಿಂದ ಬಂದವರು ಬಹಳ, ಗುತ್ತಿಗೆಯವರೂ ಬಹಳ. ಅವರ ಸಂಬಳ ಹೆಚ್ಚಬೇಕು, ಕೋಣೆಗಳ ಲೆಕ್ಕ ಇಳಿಯಬೇಕು, ಅತಿಥಿಗಳು ಕೈ ಬಿಚ್ಚಿ ಟಿಪ್ಸ್ ಕೊಡಬೇಕು. ಆದರೆ ಒಂದು ಭೇದ ಗಮನಿಸಿ. ಅವರ ದುಡಿಮೆಗೆ ಹೆಸರಿದೆ, ಪಾಳಿ ಮುಗಿಯುವ ಹೊತ್ತಿದೆ, ವಾರದ ರಜೆಯಿದೆ, ಪಿಎಫ್ ಕೊಡದಿದ್ದರೆ ದೂರು ಕೊಡಲು ಇಲಾಖೆಯಿದೆ. ಅದೇ ಹಾಸಿಗೆಯನ್ನು ಮನೆಯಲ್ಲಿ ಹಾಸಿದರೆ ಅದಕ್ಕೆ ಪ್ರೀತಿ ಎಂದು ಹೆಸರು. ಪ್ರೀತಿಗೆ ಪಾಳಿ ಮುಗಿಯುವುದಿಲ್ಲ.

ಬಡ ಹೆಂಗಸಿನ ಹೆಸರು ಹಿಡಿದು ನನ್ನನ್ನು ಹಂಗಿಸುವವರಿಗೆ ಇನ್ನೊಂದು ಪ್ರಶ್ನೆ. ಕರ್ನಾಟಕ ಮನೆಗೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿತು. ನಿಮ್ಮ ಮನೆಯ ಪಾತ್ರೆ ತೊಳೆಯುವವರಿಗೆ ಭಾನುವಾರ ರಜೆ ಇದೆಯೇ? ಇಲ್ಲದಿದ್ದರೆ ಅವರನ್ನು ವಾದಕ್ಕೆ ಎಳೆಯಬೇಡಿ.

ಅಸಲಿಗೆ ಆಕ್ಷೇಪ ಹಣದ್ದಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡು ಕೊಡದೆ ಧರ್ಮಸ್ಥಳ, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟ ಎಂದು ಹೊರಟಾಗ ಏನಾಯಿತು? ಅಲ್ಲಿ ಒಂದು ರೂಪಾಯಿ ದುಂದುವೆಚ್ಚವಿರಲಿಲ್ಲ, ಐಷಾರಾಮಿ ಇರಲಿಲ್ಲ, ದೇವರ ದರ್ಶನವಿತ್ತು. ಆದರೂ ಅದೇ ನಗೆ, ಅದೇ ಕುಹಕ: ಮನೆಯಲ್ಲಿ ಗಂಡಂದಿರಿಗೆ ಊಟವಿಲ್ಲ, ಹೆಂಗಸರಿಗೆ ಊರು ಸುತ್ತುವ ಚಾಳಿ ಹತ್ತಿತು. ಪುಕ್ಕಟೆ ಬಸ್ಸಿಗೂ ಹದಿನಾಲ್ಕು ಸಾವಿರದ ಕೋಣೆಗೂ ಒಂದೇ ಬೈಗುಳ ಬರುತ್ತದೆ ಎಂದಾದರೆ, ಬೈಗುಳಕ್ಕೆ ಕಾರಣ ಬಸ್ಸೂ ಅಲ್ಲ ಕೋಣೆಯೂ ಅಲ್ಲ, ಆ ದಿನ ಒಲೆ ಹತ್ತದಿದ್ದದ್ದು.

ಅದರ ಜೊತೆಗೆ ಸಂಶಯ. ಡೋರಿಸ್ ಲೆಸ್ಸಿಂಗ್ 1963ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಲಂಡನ್ನಿನ ಗೃಹಿಣಿಯೊಬ್ಬಳು ಸುಮ್ಮನೆ ಒಬ್ಬಳೇ ಕೂರಲು ಅಗ್ಗದ ಹೋಟೆಲಿನ ಹತ್ತೊಂಬತ್ತನೇ ನಂಬರಿನ ಕೋಣೆ ಹಿಡಿಯುತ್ತಾಳೆ. ಗಂಡನಿಗೆ ತಿಳಿದಾಗ, ಸುಮ್ಮನೆ ಕೂರಲು ಎಂದರೆ ಅವನು ನಂಬಲಾರ ಎಂದು ತಿಳಿದು, ತನಗೊಬ್ಬ ಪ್ರಿಯಕರ ಇದ್ದಾನೆ ಎಂದು ಸುಳ್ಳು ಹೇಳುತ್ತಾಳೆ. ಆ ಸುಳ್ಳು ಅವನಿಗೆ ಸಲೀಸಾಗಿ ಅರ್ಥವಾಗುತ್ತದೆ. ಅರವತ್ತು ವರ್ಷವಾದ ಮೇಲೂ ನಮ್ಮ ರಿಸೆಪ್ಷನ್ನುಗಳಲ್ಲಿ ಅದೇ ಅರ್ಥ ನಡೆಯುತ್ತದೆ. ಮೆಜೆಸ್ಟಿಕ್ ಸುತ್ತಿನ ಲಾಡ್ಜಿಗೆ ಬೆಂಗಳೂರು ವಿಳಾಸದ ಆಧಾರ್ ಹಿಡಿದು ಒಬ್ಬಳೇ ಹೋಗಿ ನೋಡಿ. "ಲೋಕಲ್ ಐಡಿ ಆಗಲ್ಲ ಮೇಡಂ." ಸ್ಥಳೀಯರಿಗೆ ಕೋಣೆ ಕೊಡಬಾರದು ಎಂದು ಯಾವ ಕಾನೂನಿದೆ ಎಂದು ಕೇಳಿದರೆ ಮ್ಯಾನೇಜರ್ ಗೋಡೆ ನೋಡುತ್ತಾನೆ. ಮದುವೆಯಾಗದ ಜೋಡಿ ಹೋಟೆಲಿನಲ್ಲಿ ಉಳಿಯುವುದನ್ನು ನಿಷೇಧಿಸುವ ಕಾನೂನೇ ಇಲ್ಲ ಎಂದು ಮದ್ರಾಸ್ ಹೈಕೋರ್ಟು 2019ರಲ್ಲಿ ಹೇಳಿದೆ. ಜೋಡಿಗೇ ಇಲ್ಲದ ನಿಷೇಧ, ನಿದ್ದೆ ಮಾಡಲು ಬಂದ ಒಂಟಿ ಹೆಂಗಸಿಗೆ ಎಲ್ಲಿಂದ ಬಂತು?

ಐಷಾರಾಮಿ ಗೋಪುರದ ಪರವಾಗಿ ಇಷ್ಟು ಮಾತಾಡಬೇಕಾಗಿ ಬಂದದ್ದೂ ಇದರಿಂದಲೇ. ನನ್ನ ಪರಿಚಯದ ಬಹಳಷ್ಟು ಹೆಂಗಸರಿಗೆ ಬೇಕಾದದ್ದು ಹಂಸವೂ ಅಲ್ಲ, ಶಾಂಪೇನೂ ಅಲ್ಲ: ಶುಭ್ರ ಹಾಸಿಗೆ, ಬಿಸಿನೀರು, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಬೇರೆಯವರು ಮಾಡಿದ ಕಾಫಿ. ಸಾವಿರದೈನೂರಕ್ಕೆ ಅಷ್ಟು ಕೊಡಬಲ್ಲ ಲಾಡ್ಜುಗಳು ಈ ಊರಲ್ಲಿ ಬೇಕಾದಷ್ಟಿವೆ. 2025ರ ಸೆಪ್ಟೆಂಬರಿನಿಂದ 7,500 ರೂಪಾಯಿವರೆಗಿನ ಕೋಣೆಗೆ ತೆರಿಗೆಯೂ ಶೇ. 5ಕ್ಕೆ ಇಳಿದಿದೆ. ಆದರೆ ಅಲ್ಲಿ ಪ್ರಶ್ನೆ ಕೇಳುತ್ತಾರೆ, ಗಂಡನ ನಂಬರು ಕೇಳುತ್ತಾರೆ. ದುಬಾರಿ ಗೋಪುರದಲ್ಲಿ ಕೇಳುವುದಿಲ್ಲ. ಹನ್ನೆರಡು ಸಾವಿರದಲ್ಲಿ ದೊಡ್ಡ ಪಾಲು ಹೋಗುವುದು ಆ ಕೇಳದಿರುವಿಕೆಗೆ. ಪ್ರವಾಸೋದ್ಯಮ ಇಲಾಖೆ, ಪೊಲೀಸ್ ಇಲಾಖೆ ಸೇರಿ ಸ್ಥಳೀಯ ವಿಳಾಸದ ಕಾರಣಕ್ಕೆ ಕೋಣೆ ನಿರಾಕರಿಸಬಾರದು ಎಂದು ಒಂದು ಪುಟದ ಸುತ್ತೋಲೆ ಹೊರಡಿಸಲಿ, ಸರ್ಕಾರದ್ದೇ ಆದ ಮಯೂರ ಹೋಟೆಲುಗಳು ಅದನ್ನು ಮೊದಲು ಗೋಡೆಗೆ ಅಂಟಿಸಲಿ. ಆಮೇಲೂ ಯಾರಾದರೂ ಹದಿನೈದನೇ ಮಹಡಿಗೇ ಹತ್ತಿದರೆ, ಶೋಕಿ ಎಂದು ಕರೆಯಲು ನನ್ನ ತಕರಾರಿಲ್ಲ.